ಪುಸ್ತಕಕ್ಕೂ ಕುಡುಗೋಲಿಗೂ ಒಂದೇ ಕುಂಕುಮ

ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಆಶ್ವಯುಜದ ಮಂಜಿಗೂ ಒಂದು ಕೆಲಸವಿದೆ. ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್‌ನ ಶಾಖದಲ್ಲಿ ಐದಾರು ದಿನ ಹದವಾದ ಹೊಗೆಸೊಪ್ಪು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಬೆಂಕಿ ಆರಿಸಿ ರಾತ್ರಿ ಬಾಗಿಲು ತೆರೆದಿಟ್ಟರೆ ತೇವ ಹೀರಿಕೊಂಡು ಬೆಳಗಿನ ಹೊತ್ತಿಗೆ ಎಲೆ ಮೆತ್ತಗಾಗಿರುತ್ತದೆ. ಬಿಸಿಲು ಬಲಿತರೆ ಮತ್ತೆ ಗರಿಗರಿ. ಅದಕ್ಕೇ ಇಳಿಸುವುದು, ಕಡ್ಡಿಯಿಂದ ಬಿಡಿಸುವುದು ಎಲ್ಲವೂ ಹೊತ್ತೇರುವ ಮೊದಲೇ ಆಗಬೇಕು.

ಶರತ್ಕಾಲವೆಂದರೆ ಎಲೆ ಉದುರುವ ಕಾಲ ಎಂದು ಚಳಿದೇಶಗಳ ಚಿತ್ರ ನೋಡಿದವರು ತಿಳಿದಿದ್ದಾರೆ. ಕಿಟಕಿ, ಕಂಬಳಿ, ಕಾಫಿ, ತೊಡೆಯ ಮೇಲೊಂದು ಪುಸ್ತಕ. ನಮ್ಮಲ್ಲಿ ಮರಗಳು ಇನ್ನೂ ಹಸಿರಾಗೇ ಇರುತ್ತವೆ. ಸೊಪ್ಪು ಮುರಿದ ಹೊಲಕ್ಕೆ ರಾಗಿ ಬಿದ್ದು, ಅದರ ಸಾಲಿನಲ್ಲಿ ಹುಚ್ಚೆಳ್ಳು ಹೂಬಿಟ್ಟಿರುತ್ತದೆ. ಕೆ.ಆರ್. ನಗರದ ಕಡೆ ನಾಲೆಯ ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿದರೆ, ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸುವ ಗಡಿಬಿಡಿ. ಹಳದಿ ಎಲೆ ಕಾಣಬೇಕೆಂದರೆ ಜಗಲಿಗೇ ಬರಬೇಕು. ಅಲ್ಲಿ ಹೆಂಗಸರು ಒಂದೊಂದೇ ಎಲೆ ಎತ್ತಿ, ಬಣ್ಣ ನೋಡಿ, ಕಲೆ ನೋಡಿ, ಗಿಡದ ಬುಡದ್ದೋ ತುದಿಯದ್ದೋ ನೋಡಿ ಗುಡ್ಡೆ ಹಾಕುತ್ತಿರುತ್ತಾರೆ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜಾಗಿ ಬರುವ ದುಡ್ಡು ಈ ವಿಂಗಡಣೆಯನ್ನೇ ನಂಬಿಕೊಂಡಿದೆ. ಈ ಬೆಳೆಯ ಬಗ್ಗೆ ನನಗೆ ಅಭಿಮಾನವಿಲ್ಲ. ಅದು ತಿನ್ನುವ ಸೌದೆ, ಸೇದಿದವರಿಗೆ ತರುವ ಕಾಯಿಲೆ ಎರಡೂ ಗೊತ್ತಿರುವಂಥವೇ. ಎಲೆಯ ಬಣ್ಣ ಹಿಡಿಯುವ ಆ ಕೈಗಳ ಬಗ್ಗೆ ಮಾತ್ರ ಅಭಿಮಾನವಿದೆ.

ಆ ಹೊತ್ತಿನಲ್ಲಿ ಕಣ್ಣಿಗೆ ಕೆಲಸ, ಕೈಗೆ ಕೆಲಸ. ಬಿಡುವಾಗಿರುವುದು ಕಿವಿ ಒಂದೇ. ಓದು ಎಂದರೆ ಕೈ ಖಾಲಿ ಇದ್ದವರು ಒಬ್ಬರೇ ಕೂತು ಮಾಡುವ ಸುಖ ಎಂಬುದು ತೀರಾ ಈಚಿನ ಎಣಿಕೆ. ಲಕ್ಷ್ಮೀಶನ ಜೈಮಿನಿ ಭಾರತ ಹಳ್ಳಿಹಳ್ಳಿಗೂ ಹಬ್ಬಿದ್ದು ಮನೆಮನೆಯಲ್ಲಿ ಪ್ರತಿ ಇದ್ದುದರಿಂದಲ್ಲ. ಒಬ್ಬರು ರಾಗವಾಗಿ ಓದುತ್ತಿದ್ದರು, ಮತ್ತೊಬ್ಬರು ಅರ್ಥ ಹೇಳುತ್ತಿದ್ದರು, ಮಿಕ್ಕವರು ಬತ್ತಿ ಹೊಸೆಯುತ್ತಲೋ ಅವರೆ ಬಿಡಿಸುತ್ತಲೋ ಕೇಳುತ್ತಿದ್ದರು. ಮುಂದೆ ಈ ಕೇಳುವಿಕೆಗೆ ಬಾನುಲಿಯೂ ಜೊತೆಯಾಯಿತು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಮೇಷ್ಟ್ರು. ಕೆಲಸದಲ್ಲಿರುವವರ ಕಿವಿ ಎಷ್ಟು ಹಸಿದಿರುತ್ತದೆಂದು ಅವರಿಗೆ ತಿಳಿದಿತ್ತು ಎಂದು ನನಗೆ ಅನ್ನಿಸುತ್ತದೆ.

ಕೈಕೆಲಸದ ನಡುವೆಯೂ ಓದು ನಡೆಯುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಒಂದು ಚಂದದ ಸಾಕ್ಷಿ ಇದೆ. ದೇವರಾಜ ಅರಸರ ಊರೆಂದು ಎಲ್ಲರಿಗೂ ಗೊತ್ತಿರುವ ಹುಣಸೂರಿನ ಕಲ್ಲಹಳ್ಳಿ, 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನೆಂಬ ಜೈನಕವಿಯ ಊರು. ನೇಮಿನಾಥನ ಕಥೆ ಬರೆದ ಈ ಕವಿಯೇ ಅಡುಗೆಯ ಬಗ್ಗೆ ‘ಸೂಪಶಾಸ್ತ್ರ’ವನ್ನೂ ಬರೆದ. ಬದನೆ, ಬಾಳೆ, ಹಲಸು, ಕಳಲೆ ಎಲ್ಲವೂ ಅಲ್ಲಿ ಷಟ್ಪದಿಯಲ್ಲಿ ಬೇಯುತ್ತವೆ. ಅಡುಗೆಗೆ ಛಂದಸ್ಸು ಯಾಕೆ? ಹಿಟ್ಟು ಮೆತ್ತಿದ ಕೈಯಲ್ಲಿ ಓಲೆಗರಿ ತಿರುವುವುದಕ್ಕಾಗುವುದಿಲ್ಲ. ಪದ್ಯವಾದರೆ ನಾಲಗೆಯ ಮೇಲೇ ನಿಲ್ಲುತ್ತದೆ, ಎರಡೂ ಕೈ ಪಾತ್ರೆಗೆ ಬಿಡುವಾಗುತ್ತವೆ. ಕವಿ ಹೀಗೇ ಯೋಚಿಸಿದನೆಂದು ಪಂಡಿತರು ಒಪ್ಪಬೇಕಾಗಿಲ್ಲ. ಒಲೆಯ ಮುಂದೆ ನಿಂತವರು ಒಪ್ಪುತ್ತಾರೆ.

ನವರಾತ್ರಿಯಲ್ಲಿ ಒಂದು ತಮಾಷೆ ನಡೆಯುತ್ತದೆ. ಮಕ್ಕಳಿಗೆ ದಸರಾ ರಜೆ, ಹಿತವಾದ ಬಿಸಿಲು, ಓದಲು ಇದಕ್ಕಿಂತ ಒಳ್ಳೆಯ ದಿನಗಳಿಲ್ಲ. ಸರಿಯಾಗಿ ಆಗಲೇ ಸರಸ್ವತಿ ಪೂಜೆಗೆಂದು ಪುಸ್ತಕಗಳು ಮಣೆ ಏರುತ್ತವೆ, ಇಳಿಸುವವರೆಗೂ ಮುಟ್ಟುವಂತಿಲ್ಲ. ಓದುವ ಹುಚ್ಚಿನ ಮಕ್ಕಳು ಆ ದಿನಗಳಲ್ಲಿ ಪೊಟ್ಟಣ ಕಟ್ಟಿ ಬಂದ ಕಾಗದವನ್ನೂ ಬಿಡಿಸಿ ಓದುತ್ತಾರೆ. ಒಂದೆರಡು ದಿನಕ್ಕೆ ಆಯುಧಪೂಜೆ. ಕುಡುಗೋಲು, ಮಚ್ಚು, ಕತ್ತರಿ, ಹೊಲಿಗೆ ಯಂತ್ರಕ್ಕೆಲ್ಲ ವಿಭೂತಿ ಕುಂಕುಮ. ಪುಸ್ತಕವನ್ನು ಮೇಲೆಲ್ಲೋ, ಸಲಕರಣೆಯನ್ನು ಕೆಳಗೆಲ್ಲೋ ಇಟ್ಟು ನೋಡುವ ಅಭ್ಯಾಸ ಆ ದಿನಗಳ ಮಟ್ಟಿಗಾದರೂ ಮರೆತುಹೋಗುತ್ತದೆ.

ಪುಸ್ತಕವೂ ಕೈಕೆಲಸವೂ ಒಟ್ಟಿಗಿರುವುದು ಹಬ್ಬದಲ್ಲಷ್ಟೇ ಅಲ್ಲ. ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟಿಯನ್ನರು ಉಣ್ಣೆಯ ರತ್ನಗಂಬಳಿ ನೇಯುತ್ತಾರೆ. ಅವರ ಧರ್ಮಗ್ರಂಥಗಳು ಹೊಲಿಗೆಯಿಲ್ಲದ ಉದ್ದುದ್ದ ಹಾಳೆಗಳು. ಅವನ್ನು ಬಟ್ಟೆಯಲ್ಲಿ ಸುತ್ತಿ, ಕಟ್ಟಿ ಇಡುತ್ತಾರೆ. ನಮ್ಮ ಓಲೆಗರಿಯ ಕಟ್ಟುಗಳೂ ಹೀಗೇ ಇದ್ದವು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಬಿದಿರು ಸೀಳಿ ಕುಕ್ಕೆ ಹೆಣೆಯುವ ಬೆಟ್ಟಕುರುಬರ ಬಳಿ ಬರೆದಿಟ್ಟ ಪುಸ್ತಕವಿಲ್ಲ, ಹಾಡು ಕತೆಗಳು ಬಾಯಲ್ಲೇ ಇವೆ.

ವಿಜಯದಶಮಿಗೆ ಪುಸ್ತಕ ಇಳಿಸಿದ ಮೇಲೆ ಒಂದು ಪುಟವಾದರೂ ಓದಬೇಕೆಂಬುದು ರೂಢಿ. ಆ ಪುಟವನ್ನು ಒಳಕೋಣೆಯಲ್ಲಿ ಮನಸ್ಸಿನಲ್ಲೇ ಓದಿ ಮುಗಿಸುವ ಬದಲು ಜಗಲಿಗೆ ತಂದು ಗಟ್ಟಿಯಾಗಿ ಓದಿ ನೋಡಿ. ಕಾದಂಬರಿಯಾದರೂ ಸರಿ, ಪಾಠದ ಪುಸ್ತಕವಾದರೂ ಸರಿ. ಶಾಲೆಗೆ ಹೋಗುವ ಹುಡುಗಿ ಓದಿದರೆ ಇನ್ನೂ ಚೆಂದ. ಸೊಪ್ಪು ಬಿಡಿಸುವವರು ಅವಳ ಉಚ್ಚಾರ ತಿದ್ದುತ್ತಾರೆ, ನಡುವೆ ಕತೆಯ ನಾಯಕನನ್ನು ಬೈಯುತ್ತಾರೆ. ಹರಾಜು ಶುರುವಾಗಿದ್ದರೆ ಮಾತ್ರ ಅವಳು ತುಸು ಕಾಯಬೇಕು. ಪೇಪರ್ ಬಂದಿರುತ್ತದೆ. ‘ಮೊದ್ಲು ಕೇಜಿಗೆ ಎಷ್ಟು ಹೋಗೈತೆ ಓದು ಕಣವ್ವ, ಕತೆ ಆಮ್ಯಾಕೆ’ ಅನ್ನುತ್ತಾರೆ.