ಅಪರಿಚಿತ ದ್ರಾಕ್ಷಿಯೂ ರಸನೆಯ ತೀರ್ಪೂ

ಹಿಂದೆಂದೂ ಸವಿಯದ ದ್ರಾಕ್ಷಿಯೊಂದರ ಮದ್ಯವನ್ನು ನಾಲಗೆಗೆ ಮುಟ್ಟಿಸಿದವನು ಅದನ್ನು ಉತ್ತಮವೆಂದೋ ಅಧಮವೆಂದೋ ಹೇಳಲು ಅಧಿಕಾರಿಯೆ? ಪರಿಚಿತವಾದ ವಸ್ತುವಿಗೆ ಅಳತೆ ಮೊದಲೇ ಸಿದ್ಧವಾಗಿರುತ್ತದೆ. ಅಪರಿಚಿತವಾದುದಕ್ಕೆ ಅದನ್ನು ಎಲ್ಲಿಂದ ತರಬೇಕು? ನೆರೆಮನೆಯ ಕೊಳಗವನ್ನು ಎರವು ತಂದು ಅಳೆದರೆ ಅಳತೆಯೇನೋ ಆಗುತ್ತದೆ. ನ್ಯಾಯವಾಗುತ್ತದೆಯೆ ಎಂಬುದು ಬೇರೆ ಮಾತು. (ಮದ್ಯಪಾನದ ಯುಕ್ತಾಯುಕ್ತ ವಿಚಾರ ಇಲ್ಲಿ ಪ್ರಸ್ತುತವಲ್ಲ.)

ಸ್ಕಾಟ್ಲೆಂಡಿನ ತತ್ತ್ವಜ್ಞನಾದ ಡೇವಿಡ್ ಹ್ಯೂಮನು ಅಭಿರುಚಿಯ ಪ್ರಮಾಣವನ್ನು ಕುರಿತು ೧೭೫೭ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟನ ಕಥೆಯಿಂದ ಒಂದು ಪ್ರಸಂಗವನ್ನು ಎತ್ತಿಕೊಂಡಿದ್ದಾನೆ. ಸ್ಯಾಂಕೋನ ಬಂಧುಗಳಿಬ್ಬರು ಒಂದು ಪೀಪಾಯಿಯ ಮದ್ಯವನ್ನು ಸವಿದು, ಒಬ್ಬನು ಅದರಲ್ಲಿ ತೊಗಲಿನ ರುಚಿಯನ್ನೂ ಇನ್ನೊಬ್ಬನು ಕಬ್ಬಿಣದ ರುಚಿಯನ್ನೂ ಕಂಡರು. ನೆರೆದವರು ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ಪಟ್ಟಿ ಕಟ್ಟಿದ ಬೀಗದ ಕೈಯೊಂದು ದೊರೆಯಿತು. ಕಥೆ ರಮ್ಯವಾದುದೇ ಸರಿ. ಆದರೆ ಅಪರಿಚಿತ ದ್ರಾಕ್ಷಿಯ ವಿಷಯದಲ್ಲಿ ಇದು ಅರ್ಧ ದಾರಿಗೆ ಮಾತ್ರ ಬೆಳಕು ತೋರುತ್ತದೆ. ಇರುವ ರುಚಿಯನ್ನು ಇದೆಯೆಂದು ಗುರುತಿಸುವುದು ಒಂದು. ಅದು ಅಲ್ಲಿ ಇರತಕ್ಕದ್ದೋ ಇರಬಾರದ್ದೋ ಎಂದು ನಿರ್ಣಯಿಸುವುದು ಇನ್ನೊಂದು. ಬೀಗದ ಕೈ ಹೊರಗಿನದೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಹಣ್ಣಿನೊಳಗಿಂದಲೇ ಬಂದ ಹೊಸ ವಾಸನೆಗೆ ಅಂಥ ಸಾಕ್ಷಿ ತಳದಲ್ಲಿ ಸಿಕ್ಕುವುದಿಲ್ಲ.

ಚಿಲಿ ದೇಶದ ಕಾರ್ಮೆನೇರ್ ದ್ರಾಕ್ಷಿಯ ವೃತ್ತಾಂತವು ಇಲ್ಲಿ ಮನನೀಯವಾದುದು. ಫ್ರಾನ್ಸಿನ ಬೋರ್ಡೋ ಸೀಮೆಯ ಈ ಬಳ್ಳಿ ಹತ್ತೊಂಬತ್ತನೆಯ ಶತಮಾನದಲ್ಲಿ ಇತರ ಬಳ್ಳಿಗಳೊಡನೆ ಚಿಲಿಗೆ ಹೋಯಿತು. ತರುವಾಯ ಫಿಲಾಕ್ಸೆರ ಎಂಬ ಬೇರುಕೀಟವು ಬೋರ್ಡೋವಿನ ತೋಟಗಳನ್ನು ಹಾಳುಮಾಡಿತು; ತಂಪು ವಸಂತದಲ್ಲಿ ಸರಿಯಾಗಿ ಕಾಯಿಕಚ್ಚದ ಈ ಬಳ್ಳಿಯನ್ನು ಅಲ್ಲಿಯವರು ಮತ್ತೆ ನೆಟ್ಟದ್ದು ಅತ್ಯಲ್ಪ. ಚಿಲಿಯಲ್ಲಾದರೋ ಅದು ಮೆರ್ಲೋ ಬಳ್ಳಿಗಳ ನಡುವೆ, ಮೆರ್ಲೋ ಎಂಬ ಹೆಸರಿನಲ್ಲಿಯೇ ಬಾಳಿತು. ಮೆರ್ಲೋವಿಗಿಂತ ಕೆಲವು ವಾರ ತಡವಾಗಿ ಹಣ್ಣಾಗುವ ಗೊಂಚಲನ್ನು ಮೆರ್ಲೋವಿನ ಕಾಲಕ್ಕೇ ಕೊಯ್ದರು. ಮದ್ಯದಲ್ಲಿ ದೊಣ್ಣೆಮೆಣಸಿನಕಾಯಿಯ ಹಸುರು ವಾಸನೆ ಎದ್ದಿತು. ೧೯೯೪ರ ನವೆಂಬರಿನಲ್ಲಿ ಫ್ರೆಂಚ್ ದ್ರಾಕ್ಷಿಶಾಸ್ತ್ರಜ್ಞರಾದ ಝಾನ್-ಮಿಶೆಲ್ ಬೂರ್ಸಿಕೋ ಅವರು ಮೈಪೋ ಕಣಿವೆಯ ತೋಟವೊಂದರಲ್ಲಿ ಬಳ್ಳಿಯನ್ನೇ ಪರೀಕ್ಷಿಸಿ, ಇದು ಕಾರ್ಮೆನೇರ್ ಎಂದು ಗುರುತಿಸಿದರು.

ಹಾಗಾದರೆ ಅದುವರೆಗೆ ಅದನ್ನು ಸವಿದು ಮುಖ ಸಿಂಡರಿಸಿದವರ ನಾಲಗೆ ಸುಳ್ಳು ಹೇಳಿತೆ? ಇಲ್ಲ. ಹಸುರು ವಾಸನೆ ಅಲ್ಲಿ ನಿಜವಾಗಿಯೂ ಇತ್ತು. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಪ್ರತ್ಯಕ್ಷದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಅನುಮಾನದಲ್ಲಿ. 'ಇದು ಕೀಳು ಮೆರ್ಲೋ' ಎಂಬ ತೀರ್ಪಿನಲ್ಲಿ 'ಕೀಳು' ಎಂಬ ಶಬ್ದವನ್ನು ಕುರಿತು ಎಲ್ಲರೂ ವಾದಿಸಿಯಾರು. 'ಮೆರ್ಲೋ' ಎಂಬ ಶಬ್ದದ ಕಡೆಗೆ ಯಾರ ಗಮನವೂ ಹೋಗದು. ಅನ್ಯಾಯವು ಅಡಗಿ ಕುಳಿತದ್ದು ಅಲ್ಲಿಯೇ.

ಸೀಸೆಯ ಹೆಸರನ್ನು ಮರೆಮಾಡಿ ರುಚಿನೋಡುವುದೇ ಪಕ್ಷಪಾತಕ್ಕೆ ಮದ್ದೆಂದು ಹಲವರು ಹೇಳುತ್ತಾರೆ. ೧೯೭೬ರಲ್ಲಿ ಪ್ಯಾರಿಸಿನಲ್ಲಿ ಹಾಗೆ ಪರೀಕ್ಷಿಸಿದ ಫ್ರೆಂಚ್ ತೀರ್ಪುಗಾರರು, ಬಿಳಿಯದರಲ್ಲಿಯೂ ಕೆಂಪಿನಲ್ಲಿಯೂ ಕ್ಯಾಲಿಫೋರ್ನಿಯದ ಮದ್ಯಗಳಿಗೇ ಅಗ್ರಸ್ಥಾನವನ್ನು ಕೊಟ್ಟರು. ಆದರೆ ಆ ಬಟ್ಟಲುಗಳಲ್ಲಿದ್ದುದು ಅವರು ಬಲ್ಲ ಶಾರ್ಡನೇ, ಕ್ಯಾಬರ್ನೆ ದ್ರಾಕ್ಷಿಗಳೇ. ಮುಸುಕು ಸೀಸೆಯ ಕೀರ್ತಿಯನ್ನು ಮುಚ್ಚೀತು. ನಾಲಗೆಯ ಅಭ್ಯಾಸಕ್ಕೆ ಮುಸುಕು ಹೊದಿಸುವವರಾರು?

ಅಭ್ಯಾಸದ ಬಲವನ್ನು ಕಾಣಲು ಚಿಲಿಯವರೆಗೆ ಹೋಗಬೇಕಾಗಿಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿಯು ಅಮೆರಿಕದ ಲಾಬ್ರುಸ್ಕಾ ಕುಲಕ್ಕೆ ಸಂಬಂಧಿಸಿದ್ದು. ಆ ಕುಲದ ಗಂಧವನ್ನು ಯುರೋಪಿನ ರುಚಿಪರೀಕ್ಷಕರು ನರಿಯ ಹೆಸರಿನಿಂದ ಕರೆದು ದೋಷಗಳ ಪಟ್ಟಿಗೆ ಸೇರಿಸಿದ್ದಾರೆ. ಚಿಕ್ಕಬಳ್ಳಾಪುರದ ಕಡೆ ಅದನ್ನು ತಿಂದು ಬೆಳೆದವರಿಗೆ ದ್ರಾಕ್ಷಿಯ ಪರಿಮಳವೆಂದರೆ ಅದೇ.

ಇಷ್ಟರಿಂದ ಎಲ್ಲ ದೋಷವೂ ಗುಣವೆಂದು ಸಾಧಿಸಿದಂತಾಗುವುದಿಲ್ಲ. ಹುಳಿತು ವಿನೆಗರಾದ ಮದ್ಯ ಯಾವ ಜಾತಿಯದಾದರೂ ಕೆಟ್ಟದ್ದೇ. ಕಾರ್ಮೆನೇರಿಗೆ ತನ್ನ ಹೆಸರು ಮರಳಿದ್ದರಿಂದ ಬೆಳೆಗಾರನಿಗೆ ರಿಯಾಯಿತಿಯೇನೂ ದೊರೆಯಲಿಲ್ಲ, ಹೊಣೆ ಹೆಚ್ಚಿತು. ಗೊಂಚಲಿಗೆ ಬಿಸಿಲು ತಗಲುವಂತೆ ಎಲೆ ಬಿಡಿಸಬೇಕು, ಮೆರ್ಲೋ ಕೊಯ್ಲು ಮುಗಿದ ಮೇಲೂ ತಾಳ್ಮೆಯಿಂದ ಕಾಯಬೇಕು. ಹಾಗೆ ಕಾದು ಕೊಯ್ದ ಹಣ್ಣಿನಲ್ಲಿ ಹಸುರು ವಾಸನೆ ಬಹಳಮಟ್ಟಿಗೆ ಇಳಿಯುತ್ತದೆ. ಇಷ್ಟಾದ ಮೇಲೆ, ಅದರ ಲೇಶವೊಂದು ಉಳಿದಿರಬೇಕು, ಕಾರ್ಮೆನೇರಿನ ಗುರುತೇ ಅದು ಎನ್ನುವವರೂ ಈಗ ಇದ್ದಾರೆ.