ಉಳಿದದ್ದು ಯಾವುದು?



ಅಪ್ಪನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಕಾರವಾರದ ದಂಡೆಯಲ್ಲಿ ರಾಂಪಣಿ ಬಲೆ ಎಳೆದು ನಮ್ಮನ್ನು ಸಾಕಿದವರು. ನಾನು ದಿನಾ ಲೋಟ ಹಿಡಿದು, ಮಕ್ಕಳಿಗೆ ಕಲಿಸುವ ಹಾಗೆ, ‘ಅಪ್ಪಾ, ನೀರು ಅನ್ನು, ನೀರು’ ಎನ್ನುತ್ತಿದ್ದೆ. ಅವರು ಮುಖ ತಿರುಗಿಸುತ್ತಿದ್ದರು.

ಒಂದು ಹುಣ್ಣಿಮೆಯಂದು ಮನೆಯಲ್ಲಿ ಎಲ್ಲರೂ ತ್ರಿಸರಣ ಹೇಳತೊಡಗಿದಾಗ ಅಪ್ಪನೂ ಸೇರಿಕೊಂಡರು. ಒಂದಕ್ಷರ ತಪ್ಪಲಿಲ್ಲ. ನನಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ನನ್ನ ಹೆಸರು ಬಾರದ ಬಾಯಿಗೆ ಇದು ಹೇಗೆ ಬಂತು? ತಿಳಿದು ಒಪ್ಪು ಎನ್ನುವ ಧಮ್ಮದಲ್ಲಿ ಗಿಳಿಪಾಠಕ್ಕೇನು ಬೆಲೆ?

ಮಾತಿನ ತರಬೇತಿ ಕೊಡುವವರು ಬಿಡಿಸಿ ಹೇಳಿದರು. ಮಾತು ಹೆಚ್ಚಿನವರಲ್ಲಿ ಮೆದುಳಿನ ಎಡಭಾಗದ ಕೆಲಸ. ಅಲ್ಲಿ ಪೆಟ್ಟು ಬಿದ್ದರೂ ರಾಗ, ಬಾಯಿಪಾಠ ಎಷ್ಟೋ ಸಲ ಉಳಿದಿರುತ್ತವೆ. ಎಡಗೈಯಲ್ಲಿ ತಾಳ ತಟ್ಟಿಸುತ್ತ, ಬೇಕಾದ ಮಾತನ್ನು ರಾಗವಾಗಿ ಎಳೆದು ಹೇಳಿಸುವ ಪದ್ಧತಿ ಅಮೆರಿಕದಲ್ಲಿ 1973ರಲ್ಲೇ ಬಂದಿದೆ. ಎಲ್ಲರಿಗೂ ಫಲಿಸುವುದಿಲ್ಲ ಎಂದೂ ಹೇಳಿದರು.

ಆ ರಾತ್ರಿ ಸೋಣ ಸುತ್ತ ತೆರೆದೆ. ಪಾದ ಒಡೆದು ರಕ್ತ ಬರುವಷ್ಟು ನಡೆದು, ಸೋತು, ಮನೆಗೆ ಮರಳಿಬಿಡಲೇ ಎಂದುಕೊಂಡಿದ್ದ ಸೋಣನ ಬಳಿ ಬುದ್ಧರು ಬಂದು ಕೇಳಿದ್ದು ವೀಣೆಯ ವಿಷಯ. ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅದು. ತಂತಿ ಬಿಗಿಯಾದರೂ ಸಡಿಲವಾದರೂ ನುಡಿಯದು ಎಂಬುದನ್ನು ಅವನೇ ಒಪ್ಪಿಕೊಂಡ. ನಾವು ಈ ಸುತ್ತವನ್ನು ಮಧ್ಯಮ ಮಾರ್ಗಕ್ಕಾಗಿ ಓದುತ್ತೇವೆ. ಮಾತು ಎಲ್ಲಿಂದ ಶುರುವಾಯಿತು ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. ನಾನಾದರೋ ಲೋಟ ಹಿಡಿದು ಅಪ್ಪನ ಕೊರತೆಯನ್ನೇ ಅಳೆಯುತ್ತಿದ್ದೆ.

ಹಾಗಾದರೆ ಹಾಡು ಬರೀ ಸಮಾಧಾನದ ಮದ್ದೇ? ಹಾಗೂ ಅಲ್ಲ. ಪಕ್ಕದ ಅಂಕೋಲೆಯ ಬಡಗೇರಿಯಲ್ಲಿ ಹಾಲಕ್ಕಿಗಳ ಸುಕ್ರಜ್ಜಿ ಇದ್ದರು, ಸುಕ್ರಿ ಬೊಮ್ಮಗೌಡ. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಗಂಡನನ್ನು ಕಳೆದುಕೊಂಡ, ಶಾಲೆ ಕಾಣದ ಆ ಹೆಂಗಸಿನ ಹತ್ತಿರ ಉಳಿದದ್ದು ತಾಯಿಯಿಂದ ಕಲಿತ ಹಾಡುಗಳು. ಆದರೆ ಹಾಡಿಕೊಂಡು ಮನೆಯಲ್ಲಿ ಕೂರಲಿಲ್ಲ; ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಬೀದಿಗಿಳಿದರು.

ಈಗ ಸಂಜೆ ಅಪ್ಪನನ್ನು ದಂಡೆಗೆ ಕರೆದೊಯ್ಯುತ್ತೇನೆ. ತೆರೆ ಬಂದು ಹೋಗುವ ಲಯಕ್ಕೆ ಅವರ ಎಡಗೈ ತಾನಾಗಿ ತೊಡೆ ತಟ್ಟುತ್ತದೆ. ವರ್ಷಗಟ್ಟಲೆ ಹಗ್ಗ ಎಳೆದ ಕೈ ಅದು. ಲೋಟ ತೋರಿಸುವುದನ್ನು ಬಿಟ್ಟಿದ್ದೇನೆ. ಮೊನ್ನೆ ತಾವಾಗಿಯೇ ಎಳೆದು ಹೇಳಿದರು: ‘ನೀ… ರು.’ ಗಡಬಡಿಸಿ ಬಾಟಲಿ ಕೊಟ್ಟೆ. ಕುಡಿಯಲಿಲ್ಲ. ಕಡಲಿನ ಕಡೆ ಕೈ ತೋರಿಸಿ ನಕ್ಕರು.