ತೊಳೆದದ್ದು ಎಲ್ಲಿಗೆ ಹೋಯಿತು?

ಭೂಮಿಗೆ ಇಳಿಯುವ ಮೊದಲು ಗಂಗೆ ಭಗೀರಥನ ಮುಂದೆ ಒಂದು ತಕರಾರು ಇಡುತ್ತಾಳೆ. ಭಾಗವತದ ಒಂಬತ್ತನೆಯ ಸ್ಕಂಧದ ಕಥೆ. ಜನರೆಲ್ಲ ಬಂದು ತಮ್ಮ ಪಾಪವನ್ನು ನನ್ನಲ್ಲಿ ತೊಳೆದುಕೊಳ್ಳುತ್ತಾರೆ, ಸರಿ, ಅದನ್ನು ನಾನೆಲ್ಲಿ ಹೋಗಿ ತೊಳೆದುಕೊಳ್ಳಲಿ ಎಂದು. ಸಾಧುಗಳೂ ನಿನ್ನಲ್ಲಿ ಮೀಯುತ್ತಾರೆ, ಅವರೊಳಗೆ ಹರಿಯಿದ್ದಾನೆ, ಅವರ ಮೈ ಸೋಕಿದರೆ ನಿನ್ನ ಪಾಪ ಕಳೆಯುತ್ತದೆ ಎಂದು ಭಗೀರಥ ಸಮಾಧಾನ ಹೇಳುತ್ತಾನೆ. ಅಷ್ಟು ವರ್ಷ ತಪಸ್ಸು ಮಾಡಿದವನ ಮುಖ ನೋಡಿ ಗಂಗೆ ಒಪ್ಪಿಕೊಂಡಳೋ ಏನೋ. ಪ್ರಶ್ನೆಗಿರುವ ತೂಕ ಈ ಉತ್ತರಕ್ಕಿಲ್ಲ ಎಂದೇ ನನ್ನ ಅನಿಸಿಕೆ. ಸ್ನಾನದ ಪುಣ್ಯವನ್ನು ಹೊಗಳಿದವರು ಎಷ್ಟೋ ಮಂದಿ ಇದ್ದಾರೆ, ಮಿಂದ ನೀರಿನ ಚಿಂತೆ ಮಾಡಿದವಳು ಮಾತ್ರ ಈಕೆ.

ನಾನು ಬೈಂದೂರಿನವನು. ಗಂಗೆ ನನಗೆ ದೂರ, ಸೌಪರ್ಣಿಕೆ ಹತ್ತಿರ. ಈ ಪ್ರಶ್ನೆಯ ಬೆನ್ನು ಹತ್ತಲು ಇದರಷ್ಟು ಅನುಕೂಲದ ಹೊಳೆ ಬೇರೆ ಇಲ್ಲ, ಯಾಕೆಂದರೆ ಇದು ಬಹಳ ಗಿಡ್ಡ. ಇದು ಹುಟ್ಟುವ ಕೊಡಚಾದ್ರಿಯ ನೆತ್ತಿ 1,343 ಮೀಟರ್ ಎತ್ತರದಲ್ಲಿದೆ. ಮೋಡವಿಲ್ಲದ ದಿನ ಅಲ್ಲಿ ನಿಂತರೆ ಕಡಲು ಕಾಣುತ್ತದೆ. ಹುಟ್ಟು ಮತ್ತು ಕೊನೆ ಎರಡೂ ಒಂದೇ ನೋಟಕ್ಕೆ ಸಿಗುವ ಹೊಳೆ. ಬೆಳಕು ಹರಿಯುವಾಗ ಗಂಗೊಳ್ಳಿಯ ಬದಿಯಿಂದ ಸೈಕಲ್ ತುಳಿದರೆ ಮಧ್ಯಾಹ್ನದೊಳಗೆ ಕೊಲ್ಲೂರು. ಅಲ್ಲಿಂದ ಮುಂದೆ ಕಾಲೇ ಗತಿ.

ನಾನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗುವವನು. ಕೆಳಗಿನ ನೀರು ನೋಡದೆ ಮೇಲಿನ ನೀರನ್ನು ಹೊಗಳುವುದು ನನಗೆ ಒಗ್ಗುವುದಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕೆ. ಫೋಟೋ ತೆಗೆಯಲು ಕಾರು ನಿಲ್ಲಿಸುವವರೆಲ್ಲ ಹೊಳೆ ಅಲ್ಲೇ ಕಡಲಿಗೆ ಸೇರುತ್ತದೆ ಎಂದುಕೊಳ್ಳುತ್ತಾರೆ. ಇಲ್ಲ. ರಸ್ತೆಯ ಅಗಲದಷ್ಟು ಹತ್ತಿರ ಬಂದು ಕೂಡ ಅದು ಬೆನ್ನು ತಿರುಗಿಸಿ ಮತ್ತೆ ತೆಂಕಕ್ಕೆ ಕಿಲೋಮೀಟರುಗಟ್ಟಲೆ ಹೋಗಿ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾಗಳ ಜೊತೆಯಾಗಿ, ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ಬೇಸಿಗೆಯಲ್ಲಿ ಹೊಳೆಯ ಕೆಳಭಾಗಕ್ಕೆ ಉಪ್ಪುನೀರು ಏರುತ್ತದೆ. ಕಡಲಿಗೆ ಬಿಟ್ಟದ್ದು ಮುಗಿಯಿತು ಎಂದು ಈ ಊರಿನ ಗದ್ದೆಯವರು ಯಾರೂ ಹೇಳಲಾರರು. ಅವರಿಗೆ ಭರತ ಗೊತ್ತು, ಇಳಿತ ಗೊತ್ತು.

ಕೊಲ್ಲೂರಿನ ಸ್ನಾನಘಟ್ಟದಲ್ಲಿ ಪ್ರಶ್ನೆ ಮೂಗಿಗೇ ತಾಗುತ್ತದೆ. ಮೆಟ್ಟಿಲ ಮೇಲೆ ಸಾಬೂನಿನ ಕಾಗದ, ಮಿಂದವರು ಬಿಟ್ಟುಹೋದ ಒದ್ದೆ ಪಂಚೆ, ಶಾಂಪೂ ಚೀಟಿ. ವಸತಿಗೃಹಗಳ ಕೊಳಚೆ ಸೌಪರ್ಣಿಕೆಗೂ ಅಗ್ನಿತೀರ್ಥಕ್ಕೂ ಸೇರುತ್ತಿದೆ ಎಂಬ ದೂರು ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ಇಲ್ಲಿ ಎಲ್ಲರಿಗೂ ಗೊತ್ತು. ದೂರು ಕೊಟ್ಟವರನ್ನು ಧರ್ಮದ ಶತ್ರುಗಳೆಂದು ಬೈದವರನ್ನು ನಾನು ಕೇಳಿದ್ದೇನೆ. ನನ್ನ ಲೆಕ್ಕದಲ್ಲಿ ಆ ದೂರಿನಲ್ಲಿದ್ದದ್ದು ಗಂಗೆಯ ಅದೇ ಮಾತು. ವ್ಯತ್ಯಾಸ ಇಷ್ಟೇ, ಈ ಸಲ ಉತ್ತರ ಕೊಡಬೇಕಾದವನು ಭಗೀರಥನಲ್ಲ.

ಪೇಟೆ ದಾಟಿ ಕಾಡಿನ ದಾರಿ ಹಿಡಿದರೆ ಅರಸಿನಗುಂಡಿ ಜಲಪಾತ. 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ಅಭಯಾರಣ್ಯ ಇದು. ಅರಣ್ಯ ಇಲಾಖೆ ಬಿಟ್ಟರೆ ಮಾತ್ರ ಹೋಗಬಹುದು, ಮಳೆಗಾಲದಲ್ಲಿ ಆಸೆಯೇ ಬೇಡ. ಮಳೆ ನಿಂತ ಮೇಲೂ ಉಂಬಳ ಕಾಲು ಬಿಡುವುದಿಲ್ಲ. ಕಣಿವೆಯ ಎರಡೂ ಗೋಡೆ ಹತ್ತಿರವಾದಂತೆ ನೀರಿನ ಸದ್ದು ಹೆಚ್ಚಿ, ಮಾತು ನಿಲ್ಲಿಸಬೇಕಾಗುತ್ತದೆ. ಹೊಳೆ ತೆಳ್ಳಗಾದ ತಿಂಗಳಲ್ಲಿ ಬಂಡೆಯ ಮೈ ಹೊರಬೀಳುತ್ತದಲ್ಲ, ಆಗ ನಾನು ಮೊದಲು ನೋಡುವುದು ಅದರ ಕುಳಿಗಳನ್ನು. ಒರಳಿನ ಗುಂಡಿಯ ಹಾಗೆ, ಯಾರೋ ಕೂತು ಕೊರೆದಷ್ಟು ಸರಿಯಾದ ದುಂಡು. ಒಂದರೊಳಗೆ ಮೊಣಕೈ ತನಕ ಕೈ ಇಳಿಸಿ ನೋಡಿದ್ದೇನೆ. ತಳದಲ್ಲಿ ನಾಲ್ಕೈದು ಕಲ್ಲು, ನಿಂಬೆಹಣ್ಣಿನ ಗಾತ್ರ, ಮೂಲೆಯೆಂಬುದೇ ಇಲ್ಲ. ನೆರೆ ಬಂದಾಗ ಸುಳಿ ಇವುಗಳನ್ನು ತಿರುಗಿಸುತ್ತದೆ, ಇವು ಬಂಡೆಯನ್ನು ಅರೆಯುತ್ತವೆ, ಬಂಡೆ ಇವುಗಳನ್ನು ಅರೆಯುತ್ತದೆ. ಅರೆದ ಹುಡಿ ಎಲ್ಲಿ? ತಳದಲ್ಲಿ ಚಿಟಿಕೆಯಷ್ಟೂ ಉಳಿದಿರಲಿಲ್ಲ. ಅದು ಪ್ರತಿ ಮಳೆಗಾಲ ಗಂಗೊಳ್ಳಿಯ ಕಡೆ ಹೋಗಿಯಾಗಿದೆ, ಅಳಿವೆಯ ಮರಳಾಗಿ ಬಿದ್ದಿರಬೇಕು. ನೀರು ಯಾವುದನ್ನೂ ಇಲ್ಲವಾಗಿಸುವುದಿಲ್ಲ, ಜಾಗ ಬದಲಿಸುತ್ತದೆ. ತೀರ್ಥಸ್ನಾನದ ಬಗ್ಗೆ ನನಗಿರುವ ಸಂಶಯಕ್ಕೆಲ್ಲ ಬುಡ ಈ ಕುಳಿಯೇ.

2023ರ ಜುಲೈಯಲ್ಲಿ ಇದೇ ಅರಸಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ತರುಣನೊಬ್ಬ ಜಾರಿ ಕೊಚ್ಚಿಹೋದ. ಗೆಳೆಯ ವಿಡಿಯೋ ಮಾಡುತ್ತಿದ್ದ. ಶವ ಸಿಗಲು ಹತ್ತಿರ ಹತ್ತಿರ ಒಂದು ವಾರ ಬೇಕಾಯಿತು. ಆಗ ನಮ್ಮ ಕಡೆ ಚಾ ಅಂಗಡಿಗಳಲ್ಲಿ ಎರಡು ಬಗೆಯ ಮಾತು ಓಡಾಡಿತು. ಪುಣ್ಯಸ್ಥಳದಲ್ಲಿ ಹೋದ, ಒಳ್ಳೆಯ ಗತಿಯೇ ಸಿಕ್ಕಿರುತ್ತದೆ ಎಂಬುದು ಒಂದು. ಯಾವ ಜನ್ಮದ ಕರ್ಮವೋ ಎಂಬುದು ಇನ್ನೊಂದು. ಮಗನನ್ನು ಕಳಕೊಂಡ ಮನೆಗೆ ಎರಡೂ ಕ್ರೂರವೇ. ತೀರ್ಥದ ದರೆಯಿಂದ ಹಾರಿ ಪ್ರಾಣ ಬಿಡುವುದನ್ನು ಒಂದು ಕಾಲದಲ್ಲಿ ಭೃಗುಪತನವೆಂದು ಕರೆದು ಪುಣ್ಯದ ಪಟ್ಟಿಗೆ ಸೇರಿಸಿದ್ದರು. ಆಮೇಲೆ ಧರ್ಮಶಾಸ್ತ್ರದವರೇ ಅದನ್ನು ಕಲಿವರ್ಜ್ಯವೆಂದು, ಈ ಯುಗಕ್ಕೆ ಕೂಡದೆಂದು, ತೆಗೆದುಹಾಕಿದರು. ಅವರಿಗೂ ಏನೋ ಅರ್ಥವಾಗಿತ್ತು. ಪಾಚಿ ಹಿಡಿದ ಬಂಡೆಗೆ ಪಾಪಿ, ಪುಣ್ಯವಂತ ಎಂಬ ಭೇದ ತಿಳಿಯದು. ನೀರಿಗೂ ತಿಳಿಯದು. ಹಾಗಾದರೆ ಮುಳುಗಿ ಎದ್ದವನ ಪಾಪವನ್ನು ಅದು ಹೇಗೆ ಗುರುತು ಹಿಡಿದು ತೆಗೆಯುತ್ತದೆ?

ಈ ಪ್ರಶ್ನೆಯ ತನಕ ಬಂದವರು ಸಾಮಾನ್ಯವಾಗಿ, ಎಲ್ಲ ಮೂಢನಂಬಿಕೆ ಎಂದು ಕೈಕೊಡವಿ ಎದ್ದುಬಿಡುತ್ತಾರೆ. ನನಗೆ ಹಾಗೆ ಏಳಲು ಆಗದಂತೆ ಮಾಡಿದ್ದು ಹೊಳೆಯ ಹೆಸರಿನ ಹಿಂದಿರುವ ಕಥೆ. ಸುಪರ್ಣ ಅಂದರೆ ಗರುಡ. ಅವನು ಈ ದಂಡೆಯಲ್ಲಿ ತಪಸ್ಸಿಗೆ ಕೂತದ್ದು ತನ್ನ ಪಾಪ ಕಳೆದುಕೊಳ್ಳಲು ಅಲ್ಲ. ತಾಯಿ ವಿನತೆ ಕದ್ರುವಿನ ದಾಸಿಯಾಗಿ ಪಟ್ಟ ದುಃಖ ನೀಗಲಿ ಎಂದು. ಅಂದರೆ ಸ್ಥಳಪುರಾಣದ ಪ್ರಕಾರ ಇದು ಮೊದಲಿನಿಂದಲೂ ಇನ್ನೊಬ್ಬರ ಸಲುವಾಗಿ ಇಳಿಯುವ ಹೊಳೆ. ತನ್ನದನ್ನು ತೊಳೆದು ಕೆಳಗಿನವರ ಕಡೆ ಬಿಡುವವನಿಗೂ, ಮನೆಯಲ್ಲಿರುವವರ ಭಾರ ಹೊತ್ತು ಮೇಲಕ್ಕೆ ಹತ್ತುವವನಿಗೂ ಅಂತರವಿದೆ. ಎರಡನೆಯವನಿಂದ ಹೊಳೆಗೆ ಬೀಳುವ ಹೊರೆ ಏನೂ ಇಲ್ಲ. ಬೇಕಾದರೆ ಅವನೇ ಸ್ವಲ್ಪ ಹೊತ್ತುಕೊಂಡು ಇಳಿಯುತ್ತಾನೆ. ಭಗೀರಥ ಹೇಳಿದ ಸಾಧು ಇವನೇ ಇರಬಹುದೇ ಎಂದು ಒಮ್ಮೊಮ್ಮೆ ಅನಿಸುತ್ತದೆ. ಹಾಗಿದ್ದರೆ ಅವನಿಗೆ ಕಾವಿ ಬೇಕೆಂದಿಲ್ಲ.

ಈ ಯೋಚನೆಗೆ ಕುಮ್ಮಕ್ಕು ಕೊಟ್ಟದ್ದು ನನ್ನ ದೊಡ್ಡಮ್ಮ. ಗಂಟುನೋವು, ಅಂಗಳದ ಆಚೆ ಹೋಗಲಾರರು. ನಾನು ಸೈಕಲ್ ಹೊರಗೆ ತೆಗೆದರೆ ಜಗಲಿಯಿಂದಲೇ ಹೇಳುತ್ತಾರೆ: "ನನ್ ಹೆಸ್ರಂಗೂ ಒಂದ್ ಮುಳ್ಕ್ ಹಾಕ್ ಮಗಾ." ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಬರುತ್ತದಂತೆ, ನಿಮ್ಮನ್ನೂ ಕರೆದುಕೊಂಡು ಹೋಗಬಹುದು ಎಂದರೆ ಅವರಿಗೆ ಉತ್ಸಾಹವಿಲ್ಲ. "ಅಲ್ಲಿಪ್ಪು ನೀರೇ ಅಲ್ದನಾ ಇಲ್ಲಿಗ್ ಬಪ್ಪುದ್?" ಎನ್ನುತ್ತಾರೆ. ಕಮಲಶಿಲೆಯಲ್ಲಿ ಮಳೆಗಾಲದ ಕುಬ್ಜಾ ಉಕ್ಕಿ ದುರ್ಗಾಪರಮೇಶ್ವರಿಯ ಗರ್ಭಗುಡಿಗೇ ನುಗ್ಗುತ್ತದೆ, ಜನ ಅದನ್ನು ಹಬ್ಬದಂತೆ ನೋಡುತ್ತಾರೆ. ಏರಲಾರದವರ ಬಳಿಗೆ ಹೊಳೆಯೇ ಇಳಿದುಬರುತ್ತದೆ ಎಂಬ ಭರವಸೆ ಈ ನಾಡಿನಲ್ಲಿ ಹಳೆಯದು. ದೊಡ್ಡಮ್ಮನ ಮಾತಿನಲ್ಲಿರುವುದೂ ಅದೇ. ಆದರೆ ಇಳಿದುಬರುವ ನೀರು ಯಾವ ಸ್ಥಿತಿಯಲ್ಲಿದೆ ಎಂಬುದು ಮೇಲಿದ್ದವರ ಕೈಯಲ್ಲಿರುತ್ತದೆ.

ಒಂದು ದಿನ ಗಂಗೆಯ ಪ್ರಶ್ನೆಯನ್ನು ಅವರಿಗೇ ಕೇಳಿದೆ. ಎಲ್ಲರ ಪಾಪ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ದೊಡ್ಡಮ್ಮ? ಬೀಡಿ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ.

"ಎಲ್ಲಿಗ್ ಹೋಪುದ್? ಗಂಗೊಳ್ಳಿಗೆ. ಅಲ್ಲಿಂದ ಬಂಗುಡೆ ಆಯಿ ನಮ್ಮನಿಗೇ ಬತ್ತ್."